ಹೊರೆ ಹೊರದ ಪಿಕಪ್

ಹಳೆಯ ಪಿಕಪ್ಪೊಂದನ್ನು ಹೊಸದು ಮಾಡಿ ಪ್ರದರ್ಶನಕ್ಕೆ ನಿಲ್ಲಿಸಿದ್ದರೆ ಜನ ಮೊದಲು ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತಾರೆ. ನೋಡಬೇಕಾದ್ದು ಹಿಂದೆ, ಸಾಮಾನು ಹೇರುವ ತೊಟ್ಟಿಯಲ್ಲಿದೆ. ಷೆವರ್ಲೆ ಕಂಪನಿ 1947ರಿಂದ 1955ರ ಆರಂಭದವರೆಗೆ ‘ಅಡ್ವಾನ್ಸ್ ಡಿಸೈನ್’ ಎಂಬ ಹೆಸರಲ್ಲಿ ಮಾರಿದ ಗಾಡಿಗಳ ಪೈಕಿ ಅರ್ಧ ಟನ್ನಿನ 3100 ಮಾದರಿಗೆ ಅಮೆರಿಕದ ಹವ್ಯಾಸಿಗಳಲ್ಲಿ ಭಾರೀ ಬೇಡಿಕೆ. ಅದರ ತೊಟ್ಟಿಯ ತಳ ತಗಡಿನದಲ್ಲ, ಮರದ ಹಲಗೆಗಳದ್ದು. ಪೆಟ್ಟಿಗೆ, ಗೊಬ್ಬರದ ಚೀಲ, ಹಾಲಿನ ಕ್ಯಾನು ಎಳೆದಾಗ ಸಲೀಸಾಗಿ ಜಾರಲೆಂದು ಹಲಗೆ ಹಲಗೆಯ ನಡುವೆ ಉಕ್ಕಿನ ಪಟ್ಟಿ ಕೂರಿಸಿದ್ದರು. ಕಾರ್ಖಾನೆಯಲ್ಲಿ ಆ ಮರಕ್ಕೆ ಬಳಿದದ್ದು ಸಾದಾ ಬಣ್ಣ. ಇವತ್ತು ಪ್ರದರ್ಶನಕ್ಕೆ ಬರುವ 3100ಗಳಲ್ಲಿ ಮತ್ತೆ ಮತ್ತೆ ಕಾಣುವುದು ಓಕ್ ಹಲಗೆ, ಅದರ ಮೇಲೆ ಮುಖ ಕಾಣುವಷ್ಟು ವಾರ್ನಿಷ್, ನಡುವೆ ಮಿರಮಿರ ಮಿಂಚುವ ಸ್ಟೇನ್‌ಲೆಸ್ ಪಟ್ಟಿ. ನೆಂಟರು ಬಂದಾಗ ಮಾತ್ರ ಬಟ್ಟೆ ತೆಗೆಯುವ ಊಟದ ಮೇಜಿನ ಹಾಗೆ. ಅದರ ಮೇಲೆ ನಾಲ್ಕು ಇಟ್ಟಿಗೆ ಇಡುವ ಎದೆಗಾರಿಕೆ ಯಜಮಾನನಿಗೇ ಇರುವುದಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಪಿಕಪ್ಪನ್ನು ಹೊಸದು ಮಾಡುವ ಹವ್ಯಾಸ ಬೆಳೆದದ್ದು ಕಾರುಗಳ ಜೀರ್ಣೋದ್ಧಾರದ ಪಕ್ಕದಲ್ಲಿ. ಅಳತೆಗೋಲನ್ನೂ ಅದು ಅಲ್ಲಿಂದಲೇ ಎರವಲು ತಂದಿತು: ಬಣ್ಣದ ಆಳ, ಕ್ರೋಮಿನ ಹೊಳಪು, ಬಾಗಿಲು ಮುಚ್ಚಿದಾಗ ಸಂದು ಎಷ್ಟು ಸಮ ಅನ್ನುವುದು. ಶ್ರೀಮಂತನ ಸೆಡಾನಿಗೆ ಈ ಅಳತೆ ಸರಿಹೋದೀತು. ಅದು ಹುಟ್ಟಿದಾಗಲೂ ಹೊಳೆಯುವುದೇ ಅದರ ಕೆಲಸದ ಅರ್ಧಭಾಗ. ಪಿಕಪ್ ಹುಟ್ಟಿದ್ದು ಹೊರೆ ಹೊರುವುದಕ್ಕೆ. ಹೊರೆ ಹೊರಲಾರದಂತೆ ಅದನ್ನು ‘ಉಳಿಸಿದರೆ’ ಉಳಿದದ್ದು ಏನು ಎಂದು ಕೇಳದೆ ಈ ಹವ್ಯಾಸಕ್ಕೆ ಬೆಲೆ ಕಟ್ಟಲಾಗದು.

3100 ಹೇಗಿತ್ತು ಎಂಬುದನ್ನು ಸ್ವಲ್ಪ ನೋಡೋಣ. 216.5 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಆರು ಸಿಲಿಂಡರ್ ಎಂಜಿನ್. 90 ಅಶ್ವಶಕ್ತಿ. ಆರು ವೋಲ್ಟಿನ ಬ್ಯಾಟರಿ. ಸ್ಟಾರ್ಟ್ ಮಾಡಲು ಕಾಲಡಿಯ ಪೆಡಲನ್ನು ಒತ್ತಬೇಕು. 1949ರಿಂದ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನೊಳಗೆ, ಚಾಲಕನ ಬೆನ್ನ ಹಿಂದೆಯೇ ಬಂತು. ಇವತ್ತಿನ ಕಣ್ಣಿಗೆ ಇದು ದಿಗಿಲು ಹುಟ್ಟಿಸುವ ಏರ್ಪಾಡು. ಮೂಲೆಗಳಲ್ಲಿ ಬಾಗಿದ ಗಾಜಿದ್ದ ಕ್ಯಾಬಿನ್ ಬೇಕಿದ್ದವರು ಹೆಚ್ಚು ದುಡ್ಡು ಕೊಡಬೇಕಿತ್ತು. ಮುಂಭಾಗದ ಜಾಲರಿಗೆ ಕ್ರೋಮ್ ಬೇಕಿದ್ದವರೂ ಅಷ್ಟೆ. ರೈತ, ಕೊಳಾಯಿ ರಿಪೇರಿಯವನು, ಊರಿನ ಕಿರಾಣಿಯವನು ಸಾಮಾನ್ಯವಾಗಿ ಕೊಂಡದ್ದು ಬಣ್ಣ ಬಳಿದ ಜಾಲರಿಯ ಗಾಡಿ. ಕೊರಿಯಾ ಯುದ್ಧದ ವರ್ಷಗಳಲ್ಲಿ ಕ್ರೋಮ್‌ಗೆ ಅಭಾವ ಬಂದು, ದುಡ್ಡು ಕೊಡುತ್ತೇನೆಂದವರಿಗೂ ಬಣ್ಣದ ಭಾಗಗಳೇ ಗತಿಯಾದವು. ಆದರೆ ಈಗ ಜೀರ್ಣೋದ್ಧಾರಗೊಂಡ ಗಾಡಿಗಳ ಸಾಲನ್ನು ನೋಡಿದರೆ 1952ರಲ್ಲಿ ಅಮೆರಿಕದ ರೈತರೆಲ್ಲ ಕ್ರೋಮಿನಲ್ಲಿ ಮಿಂದೆದ್ದಿದ್ದರು ಎನಿಸುತ್ತದೆ. ಬಡ ಗಾಡಿಗೆ ಅದು ಎಂದೂ ಕಾಣದ ಸಿರಿಯನ್ನು ತೊಡಿಸುವುದು ಪ್ರೀತಿ ಇದ್ದೀತು, ಇತಿಹಾಸವಂತೂ ಅಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತೇವಲ್ಲ, ಇಲ್ಲಿ ಮಲ್ಲಿಗೆಯನ್ನು ಮುಡಿಸುವುದು ಮೊಮ್ಮಕ್ಕಳು, ಅಜ್ಜ ತೀರಿಹೋದ ಮೇಲೆ.

ಕ್ಯಾಬಿನ್ನು, ತೊಟ್ಟಿ, ಮಡ್‌ಗಾರ್ಡುಗಳನ್ನೆಲ್ಲ ಚಾಸಿಯಿಂದ ಇಳಿಸಿ, ಒಂದೊಂದು ಬೋಲ್ಟನ್ನೂ ಬಿಚ್ಚಿ, ಬರಿಯ ಚೌಕಟ್ಟಿನಿಂದ ಮತ್ತೆ ಕಟ್ಟಿಕೊಂಡು ಬರುವುದು ಈ ಹವ್ಯಾಸದ ಪರಮಪದ. ಬಿಚ್ಚುವ ಹಂತವೇ ಅದರಲ್ಲಿ ಅತಿ ಶ್ರೀಮಂತವಾದದ್ದು ಎಂದು ನನ್ನ ಅಭಿಪ್ರಾಯ. ಅಲ್ಲಿ ಗಾಡಿ ಮಾತಾಡುತ್ತದೆ. ಕ್ಯಾಬಿನ್ನಿನ ಹಿಂಬದಿಯ ಕೆಳಮೂಲೆಗಳು ತುಕ್ಕು ತಿಂದಿರುತ್ತವೆ, ಅದೂ ಒಳಗಿನಿಂದ. ಚಕ್ರ ಚಿಮ್ಮಿಸಿದ ಮಣ್ಣು ಅಲ್ಲಿ ಸಿಕ್ಕಿಕೊಂಡು, ಮಳೆಯ ತೇವವನ್ನು ಹಿಡಿದಿಟ್ಟು, ವರ್ಷಗಟ್ಟಲೆ ಕೊರೆದಿರುತ್ತದೆ. ಹೊರಗೆ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಒಳಗೆ ತಗಡೇ ಇರುವುದಿಲ್ಲ. ಸೀಟಿನ ಸ್ಪ್ರಿಂಗು ಚಾಲಕನ ಕಡೆ ಮಾತ್ರ ಕುಸಿದಿದ್ದರೆ ಒಂಟಿಯಾಗಿ ದುಡಿದವನ ಗಾಡಿ. ಕ್ಲಚ್ ಪೆಡಲಿನ ರಬ್ಬರು ಪೂರಾ ಸವೆದಿದ್ದರೆ ನಿಂತು ನಿಂತು ಓಡಿದ ಗಾಡಿ. ಹಿಂದಿನ ಬಂಪರಿಗೆ ಯಾರೋ ಒರಟಾಗಿ ಬೆಸೆದ ಕೊಕ್ಕೆ ಸಿಕ್ಕರೆ ಏನನ್ನೋ ಎಳೆದದ್ದು ಖಚಿತ. ಸೀಟಿನ ಹೊಟ್ಟೆಯಲ್ಲಿ ಇಲಿಯ ಗೂಡು, ಹಲಗೆಯ ಸಂದಿನಲ್ಲಿ ಕಾಳು.

ಇಷ್ಟನ್ನೂ ಓದಿಕೊಂಡು, ಫೋಟೊ ತೆಗೆದು, ಬೋಲ್ಟುಗಳಿಗೆ ಚೀಟಿ ಕಟ್ಟಿ, ಮತ್ತೆ ಎಲ್ಲವನ್ನೂ ಅಳಿಸಿಹಾಕುವುದು ರೂಢಿ! ಕುಸಿದ ಸ್ಪ್ರಿಂಗಿಗೆ ಹೊಸ ಸ್ಪ್ರಿಂಗು, ಸವೆದ ರಬ್ಬರಿಗೆ ಹೊಸ ರಬ್ಬರು, ಒರಟು ಕೊಕ್ಕೆ ಗುಜರಿಗೆ. ಅಮೆರಿಕದಲ್ಲಿ ಈ ಗಾಡಿಗಳ ಬಿಡಿಭಾಗವನ್ನು ಹೊಸದಾಗಿ ತಯಾರಿಸಿ ಕ್ಯಾಟಲಾಗಿನ ಮೂಲಕ ಮಾರುವ ದೊಡ್ಡ ವ್ಯಾಪಾರವೇ ಇದೆ. ಬಾಗಿಲ ಬೀಡಿಂಗಿನಿಂದ ಹಿಡಿದು ಇಡೀ ತೊಟ್ಟಿಯವರೆಗೆ ಮನೆಬಾಗಿಲಿಗೆ ಬರುತ್ತದೆ. ಇದು ವರವೂ ಹೌದು, ಪೀಡೆಯೂ ಹೌದು. ಸಿಗದ ಭಾಗಕ್ಕಾಗಿ ಹಳೆಯದನ್ನೇ ತಟ್ಟಿ, ಬೆಸೆದು, ಉಜ್ಜಿ ಸರಿಮಾಡುವ ಕೈಚಳಕ ಹುಟ್ಟುವುದು ಅಭಾವದಲ್ಲಿ. ಎಲ್ಲವೂ ಪೊಟ್ಟಣದಲ್ಲಿ ಬರುವಾಗ ಟಿಂಕರಿಂಗ್ ಬಂದವನಿಗಿಂತ ಆರ್ಡರ್ ಮಾಡಲು ಬಂದವನೇ ಮೇಲು. ಕೊನೆಗೆ ನಿಂತದ್ದು ಹೊಸ ಗಾಡಿ. ಹಳೆಯದೆಂದರೆ ಚಾಸಿ ನಂಬರು ಮತ್ತು ಯಜಮಾನನ ನಂಬಿಕೆ.

ಇನ್ನೊಂದು ವಿಷಯವನ್ನು ಈ ಹವ್ಯಾಸದ ಹೊಗಳಿಕೆಗಳು ಹೇಳುವುದೇ ಇಲ್ಲ. ಹಳೆ ಬಣ್ಣವನ್ನು ಕೀಳಲು ಮರಳನ್ನು ಗಾಳಿಯೊತ್ತಡದಲ್ಲಿ ಚಿಮ್ಮಿಸುವ ಸ್ಯಾಂಡ್‌ಬ್ಲಾಸ್ಟಿಂಗ್ ಸುಲಭದ ದಾರಿ. ಚಾಸಿಯಂಥ ದಪ್ಪ ಉಕ್ಕಿಗೆ ಅದು ಒಗ್ಗುತ್ತದೆ. ಬಾನೆಟ್, ಬಾಗಿಲಿನಂಥ ತೆಳು ತಗಡಿಗೆ ಹಿಡಿದರೆ ತಗಡು ಉಬ್ಬಿ ಸೊಟ್ಟಗಾಗುತ್ತದೆ, ಆಮೇಲೆ ಯಾವ ಸುತ್ತಿಗೆಗೂ ಬಗ್ಗುವುದಿಲ್ಲ. ಅದನ್ನು ಮುಚ್ಚಲು ಪುಟ್ಟಿ ಮೆತ್ತುತ್ತಾರೆ. ತಗಡಿನ ಮಾತು ಹಾಗಿರಲಿ, ಮರಳಿನ ಸಿಲಿಕಾ ದೂಳು ಎದೆಗೂಡಿಗಿಳಿದರೆ ಸಿಲಿಕೋಸಿಸ್ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ. ಕೊನೆಗೆ ಹೊಡೆಯುವ, ಗಟ್ಟಿಕಾರಕ ಬೆರೆಸಿದ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸೈನೇಟ್, ಅದು ಆಸ್ತಮಾ ತರುವಂಥದ್ದು. ಗಾಳಿ ಪೂರೈಸುವ ಮುಖವಾಡ ಹಾಕಿ ಹೊಡೆಯಬೇಕಾದ ಬಣ್ಣವನ್ನು ನಮ್ಮ ಶೆಡ್ಡುಗಳಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡ ಹುಡುಗ ಹೊಡೆಯುತ್ತಾನೆ. ಕನ್ನಡಿಯಂಥ ಹೊಳಪನ್ನು ಮೆಚ್ಚುವ ಮುನ್ನ ಯಾರ ಉಸಿರು ಅದರೊಳಗೆ ಹೋಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದು ವಿಮರ್ಶಕನ ಕೆಲಸವೇ.

ಹಾಗಾದರೆ ಇಡೀ ಹವ್ಯಾಸವೇ ವ್ಯರ್ಥವೇ? ಖಂಡಿತ ಅಲ್ಲ. ಹೊಳಪಿನಿಂದ ಕಣ್ಣು ತೆಗೆದು ಎಂಜಿನ್ನಿನ ಕಡೆ ಬಂದರೆ ಈ ಹವ್ಯಾಸ ನಿಜಕ್ಕೂ ದೊಡ್ಡದಾಗುತ್ತದೆ. ಷೆವರ್ಲೆಯ ಆ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗು ಈಗಿನಂತೆ ಅಂಗಡಿಯಲ್ಲಿ ಸಿಗುವ ಚಿಪ್ಪಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ರಾಡಿನ ಬಾಯಿಗೇ ಎರೆದು, ಆರಿದ ಮೇಲೆ ಅಳತೆಗೆ ಕೊರೆದದ್ದು. ಸವೆದಂತೆಲ್ಲ ನಡುವಿನ ತೆಳು ಪಟ್ಟಿಯನ್ನು ಒಂದೊಂದಾಗಿ ತೆಗೆದು ಬಿಗಿ ಮಾಡುತ್ತಾ ಹೋಗಬೇಕು. ಆಯಿಲ್ ಕೂಡ ಈಗಿನಂತೆ ಒತ್ತಡದಿಂದ ರಾಡ್ ಬೇರಿಂಗಿಗೆ ನುಗ್ಗುವುದಿಲ್ಲ. ರಾಡಿನ ತುದಿಯ ಪುಟ್ಟ ಸೌಟು ತಿರುಗುವಾಗ ಆಯಿಲನ್ನು ಮೊಗೆದುಕೊಳ್ಳುತ್ತದೆ. ಇಂಥ ಎಂಜಿನ್ನನ್ನು ಎಳೆದಾಡಬಾರದು. ಗಂಟೆಗೆ 80 ಕಿ.ಮೀ.ಯ ಆಸುಪಾಸಿಗೆ ಬಂದರೆ ಅದು ಸಾಕೆನ್ನುತ್ತದೆ. 1954ರಲ್ಲಿ ಕಂಪನಿಯೇ ಈ ಏರ್ಪಾಡನ್ನು ಬಿಟ್ಟು, ಒತ್ತಡದ ಆಯಿಲಿನ 235 ಘನ ಅಂಗುಲದ ಎಂಜಿನ್ನಿಗೆ ಹೋಯಿತು.

ಬ್ಯಾಬಿಟ್ ಎರೆಯಬಲ್ಲ ಕೈಗಳು ಇವತ್ತು ಉಳಿದಿದ್ದರೆ ಅದು ಬಹುಮಟ್ಟಿಗೆ ಇಂಥ ಹವ್ಯಾಸಿಗಳ ಹಟದಿಂದ. ಕಾರ್ಖಾನೆಗೆ ಆ ವಿದ್ಯೆ ಬೇಡ, ತಾಂತ್ರಿಕ ಶಾಲೆಯ ಪಠ್ಯದಲ್ಲಿ ಅದಕ್ಕೆ ಜಾಗವಿಲ್ಲ. ಒಬ್ಬ ಮನುಷ್ಯ ತನ್ನ ಭಾನುವಾರಗಳನ್ನು ಹಾಕಿ, ಎಂಜಿನ್ನಿನ ಟಕಟಕ ಸದ್ದಿನಲ್ಲಿ ಯಾವುದು ವಾಲ್ವಿನದು, ಯಾವುದು ರಾಡಿನದು ಎಂದು ಕಿವಿಯಿಂದಲೇ ಬೇರೆ ಮಾಡುವುದನ್ನು ಕಲಿತರೆ ಅದು ಪುಸ್ತಕದಲ್ಲಿ ಸಿಗದ ಓದು. ಆ ಎಂಜಿನ್ನನ್ನು ಉಳಿಸಿಕೊಂಡವನು ಅದರ ವೇಗಕ್ಕೆ ತಾನೂ ಒಗ್ಗಬೇಕಾಗುತ್ತದೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಿಗೆ ಹಣ ಕೊಟ್ಟ ಕಾಯಿದೆ ಬಂದದ್ದು 1956ರಲ್ಲಿ. 3100 ಅದಕ್ಕಿಂತ ಹಿಂದಿನ ರಸ್ತೆಗಳ ಗಾಡಿ. ಊರಿಂದ ಊರಿಗೆ, ಹೊಲದಿಂದ ಮಂಡಿಗೆ. ಹಳೆ ಎಂಜಿನ್ ಇದ್ದರೆ ಚಾಲಕ ಹಳೆ ದಾರಿಯನ್ನೇ ಹಿಡಿಯಬೇಕು. ಬಣ್ಣ ಹೇಳದ ಇತಿಹಾಸವನ್ನು ಎಂಜಿನ್ ಹೇಳುತ್ತದೆ.

ಈ ನಿಧಾನ ಒಗ್ಗದವರು ‘ರೆಸ್ಟೊಮಾಡ್’ ಹಾದಿ ಹಿಡಿಯುತ್ತಾರೆ. ಹಳೆ ಕ್ಯಾಬಿನ್ನಿನ ಕೆಳಗೆ ಎಂಬತ್ತು–ತೊಂಬತ್ತರ ದಶಕದ ಷೆವರ್ಲೆ ಎಸ್-10 ಪಿಕಪ್ಪಿನ ಚಾಸಿ, ಇಲ್ಲವೇ ಎಪ್ಪತ್ತರ ದಶಕದ ಫೋರ್ಡ್ ಮಸ್ಟಾಂಗ್-2 ಮಾದರಿಯ ಮುಂದಿನ ಸಸ್ಪೆನ್ಷನ್, ಒಳಗೆ ಜನರಲ್ ಮೋಟಾರ್ಸಿನ ಎಲ್‌ಎಸ್ ವಿ-8 ಎಂಜಿನ್, ಎಸಿ, ಪವರ್ ಸ್ಟೇರಿಂಗ್. ಶುದ್ಧವಾದಿಗಳು ಇದನ್ನು ಕಂಡರೆ ಉರಿದುಬೀಳುತ್ತಾರೆ. ನನಗೆ ಅಷ್ಟು ಸಿಟ್ಟಿಲ್ಲ. ಅದು ಹಳೆ ಅಂಗಿ ತೊಟ್ಟ ಹೊಸ ಗಾಡಿ, ಹಾಗೆಂದು ಒಪ್ಪಿಕೊಂಡರೆ ಸಾಕು. ಎಷ್ಟೋ ರೆಸ್ಟೊಮಾಡ್‌ಗಳು ದಿನವೂ ರಸ್ತೆಗಿಳಿದು ಸಾಮಾನು ಹೊರುತ್ತವೆ, ಪ್ರದರ್ಶನದ ಗಾಡಿಗಿಂತ ಪಿಕಪ್ ಎಂಬ ಹೆಸರಿಗೆ ಹತ್ತಿರವಾಗಿ ಬದುಕುತ್ತವೆ. ಬ್ರೇಕಿನ ವಿಷಯದಲ್ಲಂತೂ ನಾನು ಪೂರ್ತಿ ಅವರ ಪಕ್ಷ. ಮೂಲ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರ ಕೈಕೊಡುತ್ತವೆ. ಸೀಟ್ ಬೆಲ್ಟ್ ಇಲ್ಲ. ಎರಡು ಭಾಗದ ಮಾಸ್ಟರ್ ಸಿಲಿಂಡರ್ ಕೂರಿಸಿ, ಬೆಲ್ಟ್ ಹಾಕಿದರೆ ಇತಿಹಾಸಕ್ಕೆ ಏನೂ ಮುಕ್ಕಾಗದು. ಬೇಡವೆನಿಸಿದ ದಿನ ಬಿಚ್ಚಿ ಮೊದಲಿನಂತೆ ಮಾಡಬಹುದು. ಬಿಚ್ಚಲು ಬರುವ ಬದಲಾವಣೆ ಮತ್ತು ಬಾರದ ಬದಲಾವಣೆ, ಇವುಗಳ ನಡುವಿನ ಗೆರೆ ‘ಒರಿಜಿನಲ್’ ಎಂಬ ಗಲಾಟೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನಗೆ ಸಹಿಸಲಾಗದ್ದು ಬೇರೊಂದು. ಸವೆದ ಬಣ್ಣ, ತುಕ್ಕಿನ ಕಲೆ ಇರುವ ಗಾಡಿಗೆ ಈಗ ಫ್ಯಾಷನ್ ಬಂದಿದೆ. ನಿಜವಾಗಿ ಸವೆದದ್ದನ್ನು ಹಾಗೇ ಉಳಿಸಿ ಎಂಜಿನ್ನು, ಬ್ರೇಕುಗಳನ್ನು ಮಾತ್ರ ಸರಿಮಾಡಿದರೆ ಅದು ಈ ಹವ್ಯಾಸದ ಅತ್ಯಂತ ವಿವೇಕದ ರೂಪ. ಆದರೆ ಹೊಸದಾಗಿ ಬಣ್ಣ ಹೊಡೆದು, ಆಮೇಲೆ ಉಪ್ಪುಕಾಗದದಿಂದ ಬೇಕೆಂದೇ ಉಜ್ಜಿ, ಬಾಗಿಲ ಮೇಲೆ ಎಂದೂ ಇರದಿದ್ದ ಪೆಟ್ರೋಲ್ ಬಂಕಿನದೋ ಹಾಲಿನ ಡೇರಿಯದೋ ಹೆಸರನ್ನು ಮಾಸಿದಂತೆ ಬರೆಸುವವರಿದ್ದಾರೆ. ದುಡಿಮೆಯ ಗುರುತನ್ನು ದುಡಿಯದೆ ಮಾಡಿಸಿಕೊಳ್ಳುವುದು ಇದು. ವಾರ್ನಿಷ್ ಹಲಗೆಯವನು ಗಾಡಿಯ ಕೆಲಸವನ್ನು ಮರೆತಿದ್ದಾನೆ. ಇವನು ಅದನ್ನು ನಾಟಕದ ವೇಷವಾಗಿ ಬಾಡಿಗೆಗೆ ತಂದಿದ್ದಾನೆ.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿತು. ಕಟ್ಟಡಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು ಹಾಕಿಕೊಟ್ಟ ದಾರಿಯಲ್ಲೇ ಅದೂ ನಡೆಯುತ್ತದೆ: ಇದ್ದದ್ದನ್ನು ಕಾಪಾಡುವುದು ಮೊದಲು, ಹೊಸದು ಮಾಡುವುದು ಆಮೇಲೆ, ಮಾಡಿದ್ದನ್ನು ದಾಖಲಿಸಬೇಕು. ವಾಹನವನ್ನು ಬಳಕೆಯಲ್ಲಿಟ್ಟು ಓಡಿಸುವುದರ ಮಹತ್ವವನ್ನೂ ಅದು ಒಪ್ಪುತ್ತದೆ. ಒಳ್ಳೆಯ ದಾಖಲೆ, ತಕರಾರಿಲ್ಲ. ಆದರೆ ಅದನ್ನು ಪಿಕಪ್ಪಿಗೆ ಅನ್ವಯಿಸುವಾಗ ಬಳಕೆಯೆಂದರೆ ಬರೇ ಓಡಿಸುವುದಲ್ಲ, ಹೊರಿಸುವುದು ಎಂದು ನಾನು ಸೇರಿಸಿಕೊಂಡು ಓದುತ್ತೇನೆ.

ಹವ್ಯಾಸದ ಇನ್ನೊಂದು ಬೇನೆ ಕರ್ತೃತ್ವದ್ದು. ಅಮೆರಿಕದ ಲೇಖಕ ಮೈಕೆಲ್ ಪೆರಿ 2006ರಲ್ಲಿ ‘ಟ್ರಕ್: ಎ ಲವ್ ಸ್ಟೋರಿ’ ಎಂಬ ಪುಸ್ತಕ ತಂದ. ಟ್ರ್ಯಾಕ್ಟರು, ಕೊಯ್ಲು ಯಂತ್ರಗಳಿಗೆ ಹೆಸರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ 1951ರ ಎಲ್-120 ಪಿಕಪ್ ಅದರ ನಾಯಕ, ಅಥವಾ ನಾಯಕಿ. ವಿಸ್ಕಾನ್ಸಿನ್ನಿನ ಹಳ್ಳಿಯೂರು, ತರಕಾರಿ ತೋಟ, ಮಧ್ಯವಯಸ್ಸಿನಲ್ಲಿ ಬಂದ ಪ್ರೇಮ, ಇವುಗಳ ನಡುವೆ ಗಾಡಿ ನಿಧಾನ ಎದ್ದು ಕೂರುತ್ತದೆ. ಆ ಪುಸ್ತಕ ನನಗೆ ಹಿಡಿಸಿದ್ದು ಒಂದು ಕಾರಣಕ್ಕೆ: ಗಾಡಿ ಅವನಿಗೆ ಮತ್ತೆ ಓಡಾಡಬೇಕಾದ ಗಾಡಿ, ಗಾಜಿನ ಪೆಟ್ಟಿಗೆಯ ಗೊಂಬೆಯಲ್ಲ, ರಿಪೇರಿಯಲ್ಲಿ ನುರಿತ ಕೈ ಬೇರೆಯವರದೆಂದು ಒಪ್ಪಿಕೊಳ್ಳಲು ಅವನಿಗೆ ಮುಜುಗರವಿಲ್ಲ. ಅಮೆರಿಕದ ಹವ್ಯಾಸಿಗಳಲ್ಲೇ ‘ಚೆಕ್‌ಬುಕ್ ರೆಸ್ಟೊರೇಷನ್’ ಎಂಬ ಚುಚ್ಚುಮಾತಿದೆ, ಸ್ಪ್ಯಾನರ್ ಮುಟ್ಟದೆ ಸಹಿ ಮಾತ್ರ ಹಾಕಿ ಗಾಡಿ ಎಬ್ಬಿಸಿದವರಿಗೆ.

ಆ ಮಾತು ನಮ್ಮ ಕಡೆ ಇನ್ನೂ ಚುಚ್ಚುವ ಹಂತಕ್ಕೆ ಬಂದಿಲ್ಲ. ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ‘ನಾನೇ ರಿಸ್ಟೋರ್ ಮಾಡಿದ್ದು’ ಎಂದು ಯಜಮಾನ ಹೇಳಿದರೆ ಸಾಮಾನ್ಯವಾಗಿ ಅದರ ಅರ್ಥ ‘ನಾನು ಮಾಡಿಸಿದ್ದು’. ಎಂಜಿನ್ ಇಳಿಸಿದ್ದು ಮೇಸ್ತ್ರಿ, ತಗಡು ತಟ್ಟಿದ್ದು ಟಿಂಕರ್, ವೈರಿಂಗ್ ಎಳೆದದ್ದು ಆಟೊ ಎಲೆಕ್ಟ್ರಿಷಿಯನ್, ಸಿಗದ ಬುಶ್ಶನ್ನು ಲೇತಿನಲ್ಲಿ ಕಡೆದುಕೊಟ್ಟದ್ದು ಇನ್ಯಾರೋ. ಯಜಮಾನನ ಪಾಲು ದುಡ್ಡು, ಜೆ.ಸಿ. ರಸ್ತೆಯ ಅಲೆದಾಟ, ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ. ಈ ಅಲೆದಾಟವನ್ನು ನಾನು ಹಗುರ ಮಾಡುತ್ತಿಲ್ಲ, ಸರಿಯಾದ ಕಾರ್ಬೊರೇಟರು ಹುಡುಕಿ ತರುವುದೂ ವಿದ್ಯೆಯೇ. ಆದರೆ ಪ್ರದರ್ಶನದ ಫಲಕದಲ್ಲಿ ಒಂದೇ ಹೆಸರು ಇರುತ್ತದೆ, ಆ ಹೆಸರಿನ ಉಗುರಿನಲ್ಲಿ ಗ್ರೀಸ್ ಇರುವುದಿಲ್ಲ. ಕೈಗೆ ಮಸಿ ಅಂಟುವ ಕೆಲಸವನ್ನು ಕೆಳಗಿಟ್ಟು ನೋಡಿದ ಸಮಾಜದಲ್ಲಿ ಅದೇ ಕೆಲಸ ಹವ್ಯಾಸವೆಂಬ ಹೆಸರಲ್ಲಿ ಮೇಲಕ್ಕೇರಿದಾಗ ಮಸಿ ಮಾತ್ರ ಹಿಂದೆಯೇ ಉಳಿದುಕೊಂಡಿತು. ಮೇಸ್ತ್ರಿಯ ಹೆಸರನ್ನೂ ಫಲಕಕ್ಕೆ ಹಾಕಿಸುವ ಮೊದಲ ಸಂಘ ಯಾವುದೋ, ಅದರ ಪ್ರದರ್ಶನಕ್ಕೆ ನಾನು ಟಿಕೆಟ್ ಕೊಂಡೇ ಹೋಗುತ್ತೇನೆ.

ನಮ್ಮಲ್ಲಿ ಹವ್ಯಾಸಿಗಳ ಕೈಗೆ ಸಿಗುವ ಪಿಕಪ್ ಎಂದರೆ ಬಹುಮಟ್ಟಿಗೆ ಜೀಪೇ. ಮಹೀಂದ್ರ ಕಂಪನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಿತು, ಮುಂದೆ ಸಿಜೆ-3ಬಿ ಮಾದರಿಯನ್ನು ಪರವಾನಗಿ ಪಡೆದು ದಶಕಗಟ್ಟಲೆ ತಯಾರಿಸಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಅದು ಕಾಫಿ ಮೂಟೆ ಹೊತ್ತಿದೆ, ಗೊಬ್ಬರ ಹೊತ್ತಿದೆ, ಕೂಲಿಯವರನ್ನು ತಂದಿದೆ, ಹಿಂದೆ ಟ್ರೈಲರ್ ಕಟ್ಟಿಕೊಂಡು ಕಟ್ಟಿಗೆ ಎಳೆದಿದೆ, ಮಳೆಗಾಲದ ರಾತ್ರಿ ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆ ಮುಟ್ಟಿಸಿದೆ. ಅಷ್ಟೆಲ್ಲ ಮಾಡಿದ ಗಾಡಿಯನ್ನು ಇವತ್ತು ರಿಸ್ಟೋರ್ ಮಾಡುವವರಲ್ಲಿ ಎಷ್ಟೋ ಮಂದಿ ಮೊದಲು ಮಾಡುವ ಕೆಲಸ ಅದಕ್ಕೆ ಮಿಲಿಟರಿ ಹಸಿರು ಬಳಿದು ಬಾನೆಟ್ಟಿನ ಮೇಲೆ ಅಮೆರಿಕದ ಸೈನ್ಯದ ಬಿಳಿ ನಕ್ಷತ್ರ ಬರೆಸುವುದು. ಎರಡನೆಯ ಮಹಾಯುದ್ಧ 1945ಕ್ಕೆ ಮುಗಿಯಿತು. ಸಿಜೆ-3ಬಿಯ ಆ ಎತ್ತರದ ಬಾನೆಟ್ಟು ಹುಟ್ಟಿದ್ದು 1953ರಲ್ಲಿ, ಹರಿಕೇನ್ ಎಂಬ ಎತ್ತರದ ಎಂಜಿನ್ನಿಗೆ ಜಾಗ ಸಾಲದೆ. ಯುದ್ಧವನ್ನೇ ಕಾಣದ, ಮುಂಬಯಿಯಲ್ಲಿ ತಯಾರಾದ, ಸಾದಾ ಜನರ ಗಾಡಿ ಅದು. ಮೂಡಿಗೆರೆಯ ಘಾಟಿಯಲ್ಲಿ ಗೊಬ್ಬರ ಹೊತ್ತದ್ದು ಅದರ ಯಜಮಾನನಿಗೆ ಸಾಲದೆ ನಾರ್ಮಂಡಿಯ ಕಡಲತೀರವನ್ನು ಅದಕ್ಕೆ ಅಂಟಿಸಬೇಕಾಯಿತು.

ಎಂಜಿನ್ನಿನ ಪ್ರಶ್ನೆ ಇದಕ್ಕಿಂತ ಜಟಿಲ. ಜೀಪಿನ ಮೂಲ ಎಂಜಿನ್ 2.2 ಲೀಟರಿನ ಪೆಟ್ರೋಲಿನದು, ಕುಡಿಯುವುದರಲ್ಲಿ ಗಟ್ಟಿಗ. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದ ಮೇಲೆ ಗಾಡಿಯನ್ನೇ ಮಾರುವುದಕ್ಕಿಂತ ಎಂಜಿನ್ ಬದಲಿಸುವುದು ಮೇಲೆಂಬುದು ಗ್ಯಾರೇಜಿನ ಲೆಕ್ಕವಾಯಿತು. ಮೆಟಡೋರಿನ ಡೀಸೆಲ್ ಎಂಜಿನ್ ಬಂತು, ಮಹೀಂದ್ರದವರೇ ಪ್ಯುಜೊ ಪರವಾನಗಿಯಲ್ಲಿ ತಯಾರಿಸಿದ ಡೀಸೆಲ್ ಎಂಜಿನ್ ಬಂತು. ಎಂಜಿನ್ ಕೂರಿಸುವ ಬ್ರಾಕೆಟ್ಟನ್ನು ಮೇಸ್ತ್ರಿಗಳು ತಾವೇ ಅಳೆದು ಬೆಸೆದರು. ಈಗ ರಿಸ್ಟೋರ್ ಮಾಡುವವನು ಅದನ್ನೆಲ್ಲ ಕಿತ್ತು, ಎಲ್ಲಿಂದಲೋ ಪೆಟ್ರೋಲ್ ಎಂಜಿನ್ ತಂದು ಕೂರಿಸಿ ‘ಒರಿಜಿನಲ್’ ಎನ್ನುತ್ತಾನೆ.

ಹತ್ತು ವರ್ಷ ಪೆಟ್ರೋಲ್, ಮೂವತ್ತು ವರ್ಷ ಡೀಸೆಲ್ ಕುಡಿದ ಗಾಡಿಯ ಒರಿಜಿನಲ್ ಯಾವುದು? ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ ಹೊಯ್ಸಳರ ದೇವಾಲಯ. ಅದರ ಎದುರಿನ ಗೋಪುರ ವಿಜಯನಗರದ ಕಾಲದ್ದು. ಗೋಪುರ ಹೊಯ್ಸಳರದ್ದಲ್ಲ, ಇಳಿಸಿಬಿಡಿ ಎಂದು ಯಾವ ಪ್ರಾಜ್ಞನೂ ಹೇಳಿಲ್ಲ. ಮೇಸ್ತ್ರಿ ಬೆಸೆದ ಆ ಒರಟು ಬ್ರಾಕೆಟ್ಟು ಮಲೆನಾಡಿನ ಆರ್ಥಿಕ ಚರಿತ್ರೆಯ ಒಂದು ಸಾಲು. ಡೀಸೆಲ್ ಎಂಜಿನ್ ಸತ್ತೇ ಹೋಗಿದ್ದರೆ ಮಾತು ಬೇರೆ, ಆಗ ಯಾವುದನ್ನು ತಂದು ಕೂರಿಸಿದರೂ ಹೊಸ ಅಧ್ಯಾಯವೇ. ಆದರೆ ಕೆಲಸ ಮಾಡುತ್ತಿರುವುದನ್ನು ಕ್ಯಾಟಲಾಗಿನ ಫೋಟೊಗೆ ಹೊಂದುವುದಿಲ್ಲವೆಂದು ಕೀಳುವುದನ್ನು ನಾನು ಜೀರ್ಣೋದ್ಧಾರದ ಲೆಕ್ಕಕ್ಕೆ ಸೇರಿಸಲಾರೆ.

ಜೀಪಿಗೆ ಇಷ್ಟಾದರೂ ಅದೃಷ್ಟವಿದೆ, ಯಾಕೆಂದರೆ ಅದರ ಮುಖಕ್ಕೆ ಸಿನಿಮಾದ ಗತ್ತಿದೆ. ಅದೇ ಮಹೀಂದ್ರದವರ ಎಫ್‌ಸಿ ಹೆಸರಿನ ಚಪ್ಪಟೆ ಮೂತಿಯ ಪುಟ್ಟ ಲಾರಿ, ಮೆಟಡೋರಿನ ಪಿಕಪ್, ಮೂರು ಚಕ್ರದ ಟೆಂಪೊ, ಇವುಗಳನ್ನು ಎಬ್ಬಿಸಿ ನಿಲ್ಲಿಸಿದವರು ಕಾಣುವುದು ಅಪರೂಪ. ಊರಿನ ಸಂತೆಗೆ ತರಕಾರಿ, ಸಿನಿಮಾ ಟಾಕೀಸಿಗೆ ರೀಲು, ಮದುವೆ ಮನೆಗೆ ಪಾತ್ರೆ ಮುಟ್ಟಿಸಿದ್ದು ಇವು. ಚೆಂದವಿಲ್ಲದ್ದನ್ನು ಉಳಿಸಲು ಈ ಹವ್ಯಾಸಕ್ಕೆ ಇನ್ನೂ ಮನಸ್ಸು ಬಂದಿಲ್ಲ. ಬರುವ ಹೊತ್ತಿಗೆ ಗುಜರಿಯವನು ಕಾದಿರುವುದಿಲ್ಲ.

ಕಾನೂನೂ ಇದೇ ರುಚಿಯದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನದ ವ್ಯಾಖ್ಯೆ ಸೇರಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನಗಳು ಮತ್ತು ಜನ ಕೂರುವ ನಾಲ್ಕು ಚಕ್ರದ ವಾಹನಗಳು ಮಾತ್ರ ಅದರೊಳಗೆ. ಸರಕು ಹೊರುವ ವರ್ಗಕ್ಕೆ ಅಲ್ಲಿ ಜಾಗವಿಲ್ಲ. ಸೀಟಿನ ಬಲದ ಮೇಲೆ ಜೀಪು ಒಳಗೆ ಬಂದೀತು, ಪಿಕಪ್ ಹೊರಗೆ. ಬಂದ ಜೀಪಿಗೂ ಇನ್ನೊಂದು ಗೇಟಿದೆ: ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂದರೆ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಮೂವತ್ತು ವರ್ಷ ದುಡಿದ ಗಾಡಿ ಅನರ್ಹವಾಗುತ್ತದೆ, ಷೆಡ್ಡಿನಲ್ಲಿ ಮಲಗಿದ್ದದ್ದು ಅರ್ಹವಾಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿ, ‘ವಿಎ’ ಅಕ್ಷರದ ನಂಬರ್ ಪ್ಲೇಟು ಪಡೆದ ಮೇಲೆ ಅದು ರಸ್ತೆಗಿಳಿಯಬಹುದಾದ್ದು ಪ್ರದರ್ಶನಕ್ಕೆ, ರ್‍ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ತುಂಬಿಸಲು, ರಿಪೇರಿಗೆ. ದಿನಬಳಕೆ ನಿಷಿದ್ಧ.

ಆದ್ದರಿಂದ ತೋಟದ ಕೆಲಸಕ್ಕೆ ಗಾಡಿ ಇಟ್ಟುಕೊಂಡವರು ಆ ಮರ್ಯಾದೆಯ ತಂಟೆಗೆ ಹೋಗದೆ, ಎಲ್ಲರಂತೆ ಹದಿನೈದು ವರ್ಷದ ಆಚೆಗೆ ಆರ್‌ಸಿ ನವೀಕರಿಸಿಕೊಂಡು ಓಡಿಸುತ್ತಾರೆ. 2022ರ ಏಪ್ರಿಲ್‌ನಲ್ಲೇ ಕಾರು, ಜೀಪುಗಳ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅವರು ಗೊಣಗುತ್ತಾ ಶುಲ್ಕ ಕಟ್ಟಿ, ಆರ್‌ಟಿಒ ಕಚೇರಿಯಿಂದ ವಾಪಸು ಬರುವ ದಾರಿಯಲ್ಲಿ ಹೇಗೂ ಬಂದಿದ್ದೇವಲ್ಲ ಎಂದು ಹಿಂದೆ ಎರಡು ಮೂಟೆ ಸಿಮೆಂಟು ಹಾಕಿಸಿಕೊಳ್ಳುತ್ತಾರೆ.